ಹಳೆಯ ಫೋರ್ ಬೈ ಫೋರ್‌ಗೆ ಸ್ಟೀಲ್ ಬ್ರೇಡೆಡ್ ಬ್ರೇಕ್ ಹೋಸ್ ಮತ್ತು ಡಾಟ್ 4 ಆಯಿಲ್: ಯಾವುದರಿಂದ ಎಷ್ಟು ಲಾಭ?

ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಹಳೆಯ ಗಾಡಿಗಳ ಸ್ಟೀಲ್ ಬ್ರೇಡೆಡ್ ಕಿಟ್‌ನಲ್ಲಿ ಸಾಮಾನ್ಯವಾಗಿ ಮೂರು ಹೋಸ್ ಬರುತ್ತವೆ: ಮುಂದಿನ ಕ್ಯಾಲಿಪರ್‌ಗಳಿಗೆ (ಡಿಸ್ಕನ್ನು ಅಮುಕಿ ಹಿಡಿಯುವ ಭಾಗ) ಎರಡು, ಶಾಸಿಯಿಂದ ಹಿಂದಿನ ಆಕ್ಸಲ್‌ಗೆ ಒಂದು. ಇವನ್ನು ಹಾಕಿ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ತುಂಬಿದರೆ ಪೆಡಲ್ ಗಟ್ಟಿಯಾಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದರ ದೊಡ್ಡ ಪಾಲು ಹೊಸ ಆಯಿಲ್‌ಗೆ, ಬ್ರೇಕ್ ಪೈಪಿನೊಳಗಿನ ಗಾಳಿಯನ್ನು ಸರಿಯಾಗಿ ತೆಗೆದ ಕೆಲಸಕ್ಕೆ ಸಲ್ಲಬೇಕು. ದುಡ್ಡೆಲ್ಲ ಕಿಟ್‌ಗೇ ಸುರಿದು ಹಳೆಯ ಆಯಿಲನ್ನೇ ಉಳಿಸಿಕೊಂಡರೆ ಪ್ರಯೋಜನವಿಲ್ಲ.

ಡಾಟ್ 3, ಡಾಟ್ 4 ದರ್ಜೆಗಳೆರಡೂ ಗ್ಲೈಕಾಲ್ ಎಂಬ ರಾಸಾಯನಿಕದ ಆಯಿಲ್; ಅದು ಗಾಳಿಯ ತೇವ ಹೀರುತ್ತದೆ. ರಬ್ಬರ್ ಹೋಸ್‌ನ ಗೋಡೆ ದಾಟಿಯೂ ತೇವ ಒಳಗೆ ಸೇರುತ್ತದೆ. ಹೊಸ ಡಾಟ್ 3ರ ಕನಿಷ್ಠ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್, ಡಾಟ್ 4ರದು 230. ಸುಮಾರು ಶೇ. 3.7ರಷ್ಟು ನೀರು ಸೇರಿದ ಮೇಲೆ ಈ ಮಿತಿ 140 ಮತ್ತು 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಕ್ಯಾಲಿಪರ್ ಒಳಗಿನ ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ. ಆಗ ಹೋಸ್ ಎಷ್ಟೇ ಒಳ್ಳೆಯದಿದ್ದರೂ ಕಾಪಾಡುವುದಿಲ್ಲ. ಹಾಗಾಗಿ ಡಬ್ಬಿಯ ಮೇಲೆ ತೇವದ ಕುದಿಬಿಂದುವನ್ನೇ ಮೊದಲು ನೋಡಿ. ಎಟಿಇ ಟೈಪ್ 200 ಡಾಟ್ 4 ಆಯಿಲ್‌ಗೆ ಅದು 198, ಒಣ ಕುದಿಬಿಂದು 280. ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಡಾಟ್ 5.1 ಕೂಡ ಗ್ಲೈಕಾಲ್ ಜಾತಿಯದೇ. ಡಾಟ್ 5 ಮಾತ್ರ ಸಿಲಿಕೋನ್. ಅದನ್ನು ಇವುಗಳ ಜೊತೆ ಬೆರೆಸಲೇಬಾರದು.

ಇನ್ನು ಹೋಸ್. ಒಳಗೆ ಟೆಫ್ಲಾನ್ ಕೊಳವೆ, ಅದರ ಮೇಲೆ ಸ್ಟೇನ್‌ಲೆಸ್ ತಂತಿಯ ಹೆಣಿಗೆ. ಒತ್ತಡಕ್ಕೆ ಉಬ್ಬುವುದು ಕಡಿಮೆ, ತೇವವನ್ನೂ ಅಷ್ಟಾಗಿ ಬಿಡುವುದಿಲ್ಲ. ಕೊಳ್ಳುವಾಗ ಎರಡು ವಿಷಯದಲ್ಲಿ ರಾಜಿ ಬೇಡ. ಹೆಣಿಗೆಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರಬೇಕು. ಬರೀ ಹೆಣಿಗೆಯಾದರೆ ಮರಳು, ಕೆಸರಿನ ಕಣ ತಂತಿಯ ನಡುವೆ ಸೇರಿ ಒಳಗಿನ ಕೊಳವೆಯನ್ನೇ ಸವೆಸುತ್ತದೆ, ತಂತಿಯೂ ತಾನು ತಾಗಿದ್ದನ್ನೆಲ್ಲ ಗರಗಸದಂತೆ ಕೊಯ್ಯುತ್ತದೆ. ಎರಡನೆಯದು, ಫಿಟಿಂಗ್ ಸೇರುವ ಜಾಗದಲ್ಲಿ ಹೋಸ್ ಚೂಪಾಗಿ ಬಾಗದಂತೆ ತೋಳಿನಂಥ ಒಂದು ಕವಚ ಇರಬೇಕು; ಅದಿಲ್ಲದ ಹೋಸ್ ಮುರಿಯುವುದು ಅಲ್ಲಿಯೇ. ಒಂದು ಕೊರತೆಯನ್ನು ಒಪ್ಪಿಕೊಳ್ಳಲೇಬೇಕು: ರಬ್ಬರ್ ಹಳತಾದರೆ ಮೇಲೆ ಬಿರುಕು ಕಾಣುತ್ತದೆ, ಹೆಣಿಗೆಯೊಳಗಿನ ಪೆಟ್ಟು ಕಾಣುವುದಿಲ್ಲ. ಸಸ್ಪೆನ್ಷನ್ ಎತ್ತರಿಸದ ಗಾಡಿಗೆ ಕಂಪನಿಯ ಹೊಸ ರಬ್ಬರ್ ಹೋಸ್ ಧಾರಾಳವಾಗಿ ಸಾಕು. ಲಿಫ್ಟ್ ಮಾಡಿದ ಗಾಡಿಗೆ ಮಾತ್ರ ಉದ್ದನೆಯ ಬ್ರೇಡೆಡ್ ಹೋಸ್ ನಿಜವಾಗಿ ಬೆಲೆ ಬಾಳುತ್ತದೆ.

ಉದ್ದವನ್ನು ಅಂದಾಜಿನಲ್ಲಿ ತೀರ್ಮಾನಿಸಬೇಡಿ. ಶಾಸಿಯನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ, ಆಕ್ಸಲ್ ಪೂರ್ತಿ ಕೆಳಗೆ ಜೋತಾಡಲಿ. ಸ್ಟಿಯರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಿ. ಎಲ್ಲಿಯೂ ಹೋಸ್ ಬಿಗಿಯಾಗಬಾರದು, ಚಕ್ರಕ್ಕೆ, ಸ್ಪ್ರಿಂಗ್‌ಗೆ ತಾಗಬಾರದು. ಶಾಸಿಯಿಂದ ಹಿಂದಿನ ಆಕ್ಸಲ್‌ಗೆ ಇಳಿಯುವ ಹೋಸನ್ನು ಮರೆಯುವವರೇ ಹೆಚ್ಚು, ಆಕ್ಸಲ್ ಇಳಿದಾಗ ಮೊದಲು ಎಳೆಯಲ್ಪಡುವುದೂ ಅದೇ.

ಬಿಚ್ಚುವ ಹಿಂದಿನ ದಿನವೇ ನಟ್‌ಗಳಿಗೆ ತುಕ್ಕು ಬಿಡಿಸುವ ಆಯಿಲ್ ಹೊಡೆದಿಡಿ. ಸಾದಾ ಸ್ಪ್ಯಾನರ್ ಹಾಕಿದರೆ ನಟ್‌ನ ಮೂಲೆ ಉರುಟಾಗಿ ಹೋಗುತ್ತದೆ; ಪೈಪ್ ನುಸುಳುವಷ್ಟು ಬಾಯಿ ಬಿಟ್ಟ ಫ್ಲೇರ್ ನಟ್ ಸ್ಪ್ಯಾನರ್ ಬೇಕು. ಆದರೂ ಹಿಡಿದುಕೊಂಡ ನಟ್ ಜೊತೆ ಪೈಪೂ ತಿರುಚಿದರೆ ಆ ಸ್ಟೀಲ್ ಪೈಪಿನ ಆಯಸ್ಸು ಮುಗಿದಂತೆ. ಬದಲಿಗೆ ತಾಮ್ರ-ನಿಕಲ್ ಪೈಪ್ ಹಾಕಿ: ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಾಗುತ್ತದೆ. ತುದಿಯ ಫ್ಲೇರ್, ಅಂದರೆ ಪೈಪಿನ ಅಗಲಿಸಿದ ಬಾಯಿ, ಹಳೆಯದರ ಆಕಾರದ್ದೇ ಇರಬೇಕು. ಒಳಕ್ಕೆ ಮಡಚಿದ ಡಬಲ್ ಫ್ಲೇರ್ ಜಾಗದಲ್ಲಿ ಗುಳ್ಳೆಯಂತೆ ಉಬ್ಬಿದ ಬಬಲ್ ಫ್ಲೇರ್ ಕೂರುವುದಿಲ್ಲ. ಹೋಸನ್ನು ಕ್ಯಾಲಿಪರ್‌ಗೆ ಕೂರಿಸುವ, ಆಯಿಲ್ ಹರಿಯಲು ತೂತಿರುವ ಬ್ಯಾಂಜೋ ಬೋಲ್ಟ್ ಒಂದಕ್ಕೆ ಎರಡು ಹೊಸ ತಾಮ್ರದ ವಾಷರ್, ಆಚೆಗೊಂದು ಈಚೆಗೊಂದು. ಹಳೆಯ ವಾಷರ್ ಒಮ್ಮೆ ಚಪ್ಪಟೆಯಾಗಿರುತ್ತದೆ, ಮತ್ತೆ ಹಾಕಿದರೆ ಒಸರುವ ಸಾಧ್ಯತೆ ಹೆಚ್ಚು. ಬಿಗಿ ಎಷ್ಟಿರಬೇಕೆಂಬುದನ್ನು ಗಾಡಿಯ ಮ್ಯಾನುಯಲ್ ನೋಡಿ ಟಾರ್ಕ್ ರೆಂಚ್‌ನಲ್ಲೇ ಮಾಡಿ. ಬಿಗಿಯುವಾಗ ಹೋಸ್ ತಿರುಚದಂತೆ ಇನ್ನೊಂದು ಕೈಯಲ್ಲಿ ಹಿಡಿದಿರಿ.

ಗಾಳಿ ತೆಗೆಯುವ ಮೊದಲು ಹಿಂದಿನ ಡ್ರಮ್‌ಗಳನ್ನು ಅಡ್ಜಸ್ಟ್ ಮಾಡಿ: ಒಳಗಿನ ಬ್ರೇಕ್ ಶೂ ಡ್ರಮ್‌ಗೆ ಸ್ವಲ್ಪ ಉಜ್ಜುವವರೆಗೆ ಬಿಗಿ ಮಾಡಿ, ಚಕ್ರ ಸರಾಗವಾಗಿ ತಿರುಗುವಷ್ಟು ಹಿಂದಕ್ಕೆ ಸಡಿಲಿಸಿ. ಶೂ ದೂರವಿದ್ದರೆ ಪೆಡಲ್ ಕೆಳಗಿಳಿಯುತ್ತದೆ, ಗಾಳಿ ಉಳಿದಿದೆಯೆಂದು ಸುಮ್ಮನೆ ಆಯಿಲ್ ಸುರಿಯುತ್ತಾ ಕೂರಬೇಕಾಗುತ್ತದೆ. ಒಂದು ಲೀಟರ್ ಕೈಯಲ್ಲಿರಲಿ, ಅದನ್ನು ಸೀಲ್ ಒಡೆಯದ ಅರ್ಧ ಲೀಟರ್‌ನ ಎರಡು ಡಬ್ಬಿಯಲ್ಲೇ ಕೊಳ್ಳಿ. ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನಿಂದ ಅತಿ ದೂರದ ಚಕ್ರದಿಂದ ಶುರು ಮಾಡುವುದು ವಾಡಿಕೆ. ಮ್ಯಾನುಯಲ್ ಬೇರೆ ಕ್ರಮ ಹೇಳಿದರೆ ಅದೇ ಸರಿ. ಚಕ್ರದ ಬಳಿಯ ಗಾಳಿ ಹೊರಬಿಡುವ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ, ಅದರ ತುದಿ ಆಯಿಲ್‌ನಲ್ಲಿ ಮುಳುಗಿರಲಿ. ಪೆಡಲ್ ಕೆಳಗೆ ಒಂದು ಮರದ ತುಂಡು ಇಡುವುದನ್ನು ಮಾತ್ರ ತಪ್ಪಿಸಬೇಡಿ. ಹಳೆಯ ಮಾಸ್ಟರ್ ಸಿಲಿಂಡರ್‌ನಲ್ಲಿ ಪಿಸ್ಟನ್ ದಿನಾ ಓಡಾಡದ ಮುಂದಿನ ಭಾಗಕ್ಕೆ ಕಿಲುಬು ಕಟ್ಟಿರುತ್ತದೆ. ಪೆಡಲನ್ನು ಪೂರ್ತಿ ತುಳಿದರೆ ಸೀಲ್ ಆ ಒರಟಿನ ಮೇಲೆ ಹೋಗಿ ಹರಿಯುತ್ತದೆ, ಮರುದಿನದಿಂದ ಪೆಡಲ್ ನಿಧಾನಕ್ಕೆ ಕುಸಿಯಲು ಶುರುವಾಗುತ್ತದೆ. ಬಣ್ಣದ ಮೇಲೆ ಆಯಿಲ್ ಚೆಲ್ಲಿದರೆ ಕೂಡಲೇ ನೀರು ಹೊಯ್ಯಿರಿ. ಪೆಟ್ರೋಲ್, ಡೀಸೆಲ್‌ನಲ್ಲಿ ಮಾತ್ರ ಯಾವ ಭಾಗವನ್ನೂ ತೊಳೆಯಬೇಡಿ, ಸೀಲ್‌ಗಳು ಉಬ್ಬಿ ಕೆಡುತ್ತವೆ.

ಹಿಂದಿನ ಆಕ್ಸಲ್‌ಗೆ ಕಡ್ಡಿಯಿಂದ ಜೋಡಿಸಿದ ಲೋಡ್ ಸೆನ್ಸಿಂಗ್ ವಾಲ್ವ್ ಇದ್ದರೆ ಅದರ ನಿಪ್ಪಲ್‌ನಿಂದಲೂ ಗಾಳಿ ತೆಗೆಯಬೇಕು. ಲಿಫ್ಟ್ ಆದ ಗಾಡಿಯಲ್ಲಿ ಶಾಸಿ ಆಕ್ಸಲ್‌ನಿಂದ ದೂರವಾಗುವುದರಿಂದ, ಹಿಂದೆ ಭಾರವೇ ಇಲ್ಲವೆಂದು ಈ ವಾಲ್ವ್ ಹಿಂದಿನ ಬ್ರೇಕಿನ ಒತ್ತಡ ಕಡಿಮೆ ಮಾಡುತ್ತದೆ. ಕಡ್ಡಿಯ ಬ್ರಾಕೆಟ್ಟನ್ನು ಲಿಫ್ಟ್‌ನಷ್ಟೇ ಎತ್ತರಿಸಿ ಕೋನವನ್ನು ಮೊದಲಿನಂತೆ ತನ್ನಿ.

ಕೊನೆಗೆ ಎಂಜಿನ್ ಚಾಲೂ ಇಟ್ಟು ಒಂದು ನಿಮಿಷ ಪೆಡಲನ್ನು ಬಲವಾಗಿ ತುಳಿದಿರಿ. ಇನ್ನೊಬ್ಬರು ಒಣ ಬಟ್ಟೆಯಿಂದ ಪ್ರತಿ ಜೋಡಣೆಯನ್ನೂ ಒರೆಸಿ ನೋಡಲಿ. ಮೊದಲ ಕೆಸರಿನ ಓಡಾಟ ಮುಗಿದ ಮೇಲೆ ತೊಳೆದು, ಅದೇ ಜೋಡಣೆಗಳನ್ನು ಮತ್ತೊಮ್ಮೆ ಒರೆಸಿ, ಹೋಸ್‌ನ ಹೊದಿಕೆ ಎಲ್ಲಾದರೂ ಉಜ್ಜಿ ಹೊಳಪಾಗಿದೆಯೇ ನೋಡಿ. ಹೊಳಪು ಕಂಡ ಜಾಗಕ್ಕೆ ಕ್ಲಿಪ್ ಹಾಕಿ ದೂರ ಸರಿಸಿ.