ಓಡಾಟ ರಸ್ತೆಯೋ, ಮಾಸನ್ ಟ್ರೇಲೋ? ಎರಡನ್ನೂ ತುಳಿದು ಬಂದ ಮೇಲೆ

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನಾವು ನಾಲ್ವರು: ಮಂಡ್ಯದವನೊಬ್ಬ, ದಾವಣಗೆರೆಯವನೊಬ್ಬ, ಹುಬ್ಬಳ್ಳಿಯವನೊಬ್ಬ, ತುಮಕೂರಿನ ನಾನು. ಭಾನುವಾರ ಸಮುದ್ರದ ದಂಡೆಯಲ್ಲಿ 40 ಕಿಲೋಮೀಟರ್ ಸೈಕಲ್ ಹೊಡೆದು ಕಾಫಿ ಕುಡಿದು ಮನೆಗೆ ಹೋಗುವ ಜನ. ಅಂಥವರು ಎರಡು ವರ್ಷದಲ್ಲಿ ಎರಡು ಸಲ ಔಟ್‌ಬ್ಯಾಕ್ ಕಡೆ, ಅಂದರೆ ಜನ ವಿರಳವಾದ ಒಳನಾಡಿಗೆ, ಸೈಕಲ್ ಮೇಲೆ ಹೋಗಿ ಬಂದೆವು. ಎರಡು ಸಲವೂ ದುಡ್ಡು ಎತ್ತಿದ್ದು ದೂರದ ಜಾಗಗಳಿಗೆ ವಿಮಾನದಲ್ಲಿ ವೈದ್ಯರನ್ನು ಕಳಿಸುವ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್‌ಗೆ. ಮೊದಲ ವರ್ಷ ಸಂಘಟಕರು ನಡೆಸುವ ರೈಡ್, ಊಡ್ನಡಾಟಾ ಟ್ರ್ಯಾಕ್ ಮೇಲೆ. ಮರುವರ್ಷ ನಾವು ನಾವೇ, ಮಾಸನ್ ಟ್ರೇಲ್‌ನ ಉತ್ತರದ ಭಾಗದಲ್ಲಿ. ಯಾವುದಕ್ಕೆ ಹೋಗೋಣ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಈ ಡಾಕ್ಟರ್‌ಗಳಿಗೇ ಯಾಕೆ ಅಂದರೆ, ಇವರ ಹಳೆಯ ಕಥೆಯಲ್ಲೇ ಪೆಡಲ್ ಇದೆ. ಜಾನ್ ಫ್ಲಿನ್ ಎಂಬ ಪಾದ್ರಿ 1928ರಲ್ಲಿ ವಿಮಾನದ ವೈದ್ಯ ಸೇವೆ ಶುರುಮಾಡಿಸಿದರು. ಈಗಲೂ 20 ಡಾಲರ್ ನೋಟಿನ ಮೇಲೆ ಅವರ ಮುಖ ಇದೆ. ವಿಮಾನವೇನೋ ಬಂತು, ಆದರೆ ನೂರಾರು ಮೈಲಿ ಆಚೆಯ ದನದ ಫಾರ್ಮಿನವರು ಡಾಕ್ಟರನ್ನು ಕರೆಯೋದು ಹೇಗೆ? ಕರೆಂಟೇ ಇಲ್ಲ. ಆಗ ಅಡಿಲೇಡ್‌ನ ಆಲ್ಫ್ರೆಡ್ ಟ್ರೇಗರ್ ಕಾಲಲ್ಲಿ ಪೆಡಲ್ ತುಳಿದರೆ ಕರೆಂಟ್ ಹುಟ್ಟುವ ರೇಡಿಯೋ ಮಾಡಿದರು. 1929ರಿಂದ ಫಾರ್ಮಿನ ಹೆಂಗಸರು ಅದನ್ನು ತುಳಿದು ತುಳಿದು ಸುದ್ದಿ ಕಳಿಸಿದ್ದಾರೆ. ಇದನ್ನು ಹೇಳಿದ ಮೇಲೆ ಚಂದಾ ಕೇಳೋದು ಸ್ವಲ್ಪ ಸಲೀಸು.

ಊಡ್ನಡಾಟಾ ಅನ್ನೋದು ನಮ್ಮ ಬಾಯಲ್ಲಿ ಎರಡೇ ದಿನಕ್ಕೆ 'ಓಡಾಟ' ಆಯ್ತು. ಮರೀಯಿಂದ ಮಾರ್ಲಾವರೆಗೆ ಸುಮಾರು 620 ಕಿಲೋಮೀಟರ್ ಮಣ್ಣಿನ ರಸ್ತೆ. 1980ರಲ್ಲಿ ನಿಂತುಹೋದ ಹಳೆಯ 'ಗಾನ್' ರೈಲಿನ ದಾರಿ ಪಕ್ಕದಲ್ಲೇ ಬರುತ್ತದೆ. ಮರೀ ಬಿಟ್ಟರೆ ವಿಲಿಯಂ ಕ್ರೀಕ್‌ಗೆ 200 ಕಿಲೋಮೀಟರ್, ಅಲ್ಲಿಂದ ಊಡ್ನಡಾಟಾಕ್ಕೆ ಇನ್ನೊಂದು 200, ಮಾರ್ಲಾಕ್ಕೆ ಮತ್ತೆ ಅಷ್ಟೇ. ನಡುವೆ ಅಂಗಡಿ ಇಲ್ಲ. ಊಡ್ನಡಾಟಾದಲ್ಲಿ 1960ರ ಜನವರಿಯಲ್ಲಿ 50.7 ಡಿಗ್ರಿ ಬಿಸಿಲು ದಾಖಲಾಗಿದೆ. ನಾವು ಹೋಗಿದ್ದು ಜುಲೈನಲ್ಲಿ, ಚಳಿಗಾಲ. ಹಾಗಿದ್ದೂ ದಿನಕ್ಕೆ ಒಬ್ಬೊಬ್ಬನಿಗೆ ಏಳೆಂಟು ಲೀಟರ್ ನೀರು ಬೇಕಾಯ್ತು. ಇಲ್ಲಿ ನೀರು, ಊಟ ಹೊತ್ತು ಜೊತೆಗೆ ಬರುವ ಸಂಘಟಕರ ಗಾಡಿ ಶೋಕಿಗಲ್ಲ. ಆ ಗಾಡಿ ಇಲ್ಲದೆ ನಮ್ಮಂಥ ಭಾನುವಾರದ ಸವಾರರು ಈ ರಸ್ತೆಗೆ ಇಳಿಯಲೇಬಾರದು.

ಆದರೆ ಗಾಡಿ ಕಣ್ಣೆದುರಿಗೇ ಇದ್ದರೆ ಮಂಡಿ ಬೇಗ ನೋಯುತ್ತದೆ. ಎರಡನೇ ದಿನ ಮಧ್ಯಾಹ್ನ ದಾವಣಗೆರೆಯವನು "ಹತ್ತೇ ಹತ್ತು ಕಿಲೋಮೀಟರ್ ಕಣ್ರೋ" ಅಂತ ಹತ್ತಿ ಕೂತ. ಇಳಿದಿದ್ದು ಕ್ಯಾಂಪಿನಲ್ಲೇ. ಅವನನ್ನು ಪೂರ್ತಿ ಬೈಯೋಕೂ ಆಗಲ್ಲ ಬಿಡಿ. ರಸ್ತೆ ಶೀಟ್ ಮನೆ ಛಾವಣಿ ಥರ ಉದ್ದಕ್ಕೂ ಅಲೆ ಅಲೆ. ನನ್ನದು 40 ಮಿಲಿಮೀಟರ್ ಟೈರಿನ ಗ್ರಾವೆಲ್ ಸೈಕಲ್, ಜಲ್ಲಿ ರಸ್ತೆಗೆ ಅಂತ ಮಾರುವಂಥದ್ದು. ಮೂರನೇ ದಿನಕ್ಕೆ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದು ರಾತ್ರಿ ಟೆಂಟಿನ ಜಿಪ್ ಎಳೆಯಲಾಗಲಿಲ್ಲ, ಹಲ್ಲಲ್ಲಿ ಕಚ್ಚಿ ಎಳೆದೆ. ಮರುವರ್ಷ ಎರಡೂಕಾಲು ಇಂಚಿನ ಟೈರು, ಒಳಗೆ ಟ್ಯೂಬ್ ಬದಲು ಸೀಲೆಂಟ್, ಅಂದರೆ ತೂತಾದರೆ ತಾನೇ ಮುಚ್ಚುವ ದ್ರವ. ಕೈ ಉಳಿಯಿತು, ಮುಳ್ಳಿಗೂ ಪಂಕ್ಚರ್ ಆಗಲಿಲ್ಲ. ಗ್ರಾವೆಲ್ ಸೈಕಲ್ ಸಾಕು ಅನ್ನುವವರ ಮಾತು ಕೇಳಬೇಡಿ.

ಊಟದ ವಿಷಯ ಹೇಳಲೇಬೇಕು. ಸಂಘಟಕರದು ದಿನಾ ಸಾಸೇಜು, ಬ್ರೆಡ್ಡು. ಸಸ್ಯಾಹಾರಿ ಅಂತ ಅರ್ಜಿಯಲ್ಲಿ ಬರೆದಿದ್ದ ಹುಬ್ಬಳ್ಳಿಯವನಿಗೆ ಆರು ದಿನವೂ ಡಬ್ಬಿ ಬೀನ್ಸು. ಒಂದು ದಿನವಂತೂ ಊಟದ ಗಾಡಿ ನಮ್ಮನ್ನು ಬಿಟ್ಟು ಮುಂದಿನ ಹಳ್ಳದ ಹತ್ತಿರ ಹೋಗಿ ಕಾಯುತ್ತಿತ್ತು, ನಾವು ಹಿಂದಿನ ಹಳ್ಳದಲ್ಲಿ ಎರಡು ಗಂಟೆ ನೊಣ ಹೊಡೆಯುತ್ತಾ ಕೂತಿದ್ದೆವು. ಚಟ್ನಿಪುಡಿ ಡಬ್ಬಿ ಜೇಬಲ್ಲಿ ಇಲ್ಲದಿದ್ದರೆ ಜಗಳವೇ ಆಗುತ್ತಿತ್ತು.

ನೋಡಲಿಕ್ಕೆ ಮಾತ್ರ ಓಡಾಟ ರಸ್ತೆಯೇ ದೊಡ್ಡದು. ಸಮುದ್ರಮಟ್ಟಕ್ಕಿಂತ ಕೆಳಗಿರುವ ಕಾಟಿ ತಾಂಡಾ ಉಪ್ಪಿನ ಕೆರೆ ದೂರಕ್ಕೆ ಹಾಲು ಚೆಲ್ಲಿದ ಹಾಗೆ ಕಾಣುತ್ತದೆ. ಕೌವರ್ಡ್ ಸ್ಪ್ರಿಂಗ್ಸ್‌ನಲ್ಲಿ ನೆಲದೊಳಗಿಂದ ತಾನಾಗಿ ಉಕ್ಕುವ ಬೆಚ್ಚನೆ ನೀರಿನ ತೊಟ್ಟಿಯಲ್ಲಿ ನಾಲ್ವರೂ ಕತ್ತಿನವರೆಗೆ ಮುಳುಗಿ ಕೂತೆವು. ಆಲ್ಜಿಬಕಿನಾದಲ್ಲಿ 1892ರ ರೈಲ್ವೆ ಸೇತುವೆ, 578 ಮೀಟರ್ ಉದ್ದ. ಕೆಳಗೆ ನೀರಿಗಿಂತ ಮರಳೇ ಜಾಸ್ತಿ. ಇಷ್ಟಿದ್ದೂ ನಲವತ್ತು ಜನರ ಗುಂಪಿನಲ್ಲಿ ಆ ಊರಿನವರ ಜೊತೆ ನಾಲ್ಕು ಮಾತಾಡಿದ್ದು ನೆನಪಿಲ್ಲ. ಬೆಳಿಗ್ಗೆ ಸೀಟಿ ಊದುತ್ತಾರೆ, ಹೊರಡಬೇಕು.

ಮಾಸನ್ ಟ್ರೇಲ್ ಬೇರೆ ಥರ. ಅಡಿಲೇಡ್‌ನಿಂದ ಬ್ಲಿನ್ಮನ್‌ವರೆಗೆ ಸುಮಾರು 900 ಕಿಲೋಮೀಟರ್, ದಾರಿಯುದ್ದಕ್ಕೂ ಬೋರ್ಡುಗಳಿವೆ. ನಾವು ಮೆಲ್ರೋಸ್‌ನಿಂದ ಶುರುಮಾಡಿದೆವು. ಕ್ವೋರ್ನ್, ಹಾಕರ್, ವಿಲ್ಪೀನಾ ಅಂತ ಒಂದೆರಡು ದಿನಕ್ಕೊಮ್ಮೆ ಊರು ಸಿಗುತ್ತದೆ, ನೀರು ಸಿಗುತ್ತದೆ. ಹಾಗಾಗಿ ಗಾಡಿ ಬೇಕಾಗಿಲ್ಲ. ಸಾಮಾನೆಲ್ಲ ಸೈಕಲ್ ಮೇಲೇ, ಸಹಾಯಕ್ಕೆ ಸ್ಯಾಟಲೈಟಿಗೆ ಸಿಗ್ನಲ್ ಕೊಡುವ ಒಂದು ಬೀಕನ್. ಕ್ವೋರ್ನ್ ದಾಟಿದ ಮೇಲೆ ಅಲ್ಲಲ್ಲಿ ಛಾವಣಿ ಇಲ್ಲದ ಕಲ್ಲಿನ ಮನೆಗಳು. 1865ರಲ್ಲಿ ಜಾರ್ಜ್ ಗಾಯ್ಡರ್ ಎಂಬ ಸರ್ವೇಯರ್ ನಕ್ಷೆಯ ಮೇಲೆ ಗೆರೆ ಎಳೆದು, ಇದರ ಉತ್ತರಕ್ಕೆ ಬೆಳೆ ನೆಚ್ಚಬೇಡಿ ಎಂದಿದ್ದರು. ಆಮೇಲೆ ಒಂದಷ್ಟು ವರ್ಷ ಒಳ್ಳೆ ಮಳೆ ಬಂತು, ಜನ ಗೆರೆ ದಾಟಿ ಗೋಧಿ ಬಿತ್ತಿದರು. ಮುಂದೆ ಬರ ಬಂದು ಬಿಟ್ಟುಹೋದ ಗೋಡೆಗಳು ಇವು. ಮಂಡ್ಯದವನ ಅಪ್ಪ ಕೆ.ಆರ್.ಎಸ್. ನಾಲೆಯ ಕೊನೆಯಲ್ಲಿ ಗದ್ದೆ ಮಾಡಿದವರು. ಅವನು ಅಲ್ಲಿ ತುಂಬಾ ಹೊತ್ತು ಸುಮ್ನೆ ನಿಂತಿದ್ದ.

ಹಾಕರ್ ಹತ್ತಿರ ಮಳೆ ಸಿಕ್ಕಿತು. ಕೆಂಪು ಜೇಡಿ ಮಣ್ಣು ಟೈರಿಗೆ ಮೆತ್ತಿ ಚಕ್ರ ತಿರುಗುವುದೇ ನಿಂತಿತು. ಉಪ್ಪಿಟ್ಟಿನ ಸೌಟಿನ ಹಿಡಿಯಲ್ಲಿ ಕೆರೆದು, ಇಪ್ಪತ್ತು ಹೆಜ್ಜೆ ನೂಕಿ, ಮತ್ತೆ ಕೆರೆದು. ಎಂಟು ಕಿಲೋಮೀಟರಿಗೆ ನಾಲ್ಕು ಗಂಟೆ. ಕೊನೆಗೆ ಒಂದು ಫಾರ್ಮಿನ ವಯಸ್ಸಾದ ಹೆಂಗಸು ಕುರಿ ಉಣ್ಣೆ ಕತ್ತರಿಸುವ ಶೆಡ್ ಬಾಗಿಲು ತೆಗೆದುಕೊಟ್ಟರು. ಯಾತಕ್ಕೆ ಹೊರಟಿದ್ದೀರಿ ಅಂತ ಕೇಳಿದರು. ಫ್ಲೈಯಿಂಗ್ ಡಾಕ್ಟರ್ ಅಂದೆವು. ಮಾತಿಲ್ಲದೆ ಒಳಗೆ ಹೋಗಿ 50 ಡಾಲರ್ ನೋಟು ತಂದರು. ಅವರ ಗಂಡನನ್ನು ಹಿಂದೊಮ್ಮೆ ಆ ವಿಮಾನದಲ್ಲೇ ಕರೆದುಕೊಂಡು ಹೋಗಿದ್ದರಂತೆ. ಆ ರಾತ್ರಿ ಅವರಿಗೂ ಉಪ್ಪಿಟ್ಟು ಕೊಟ್ಟೆವು. ಸೌಟು ತೊಳೆದಿದ್ದೆವು.

ದುಡ್ಡಿನ ಲೆಕ್ಕ ಬೇರೆಯದೇ ಹೇಳುತ್ತದೆ. ಮೊದಲ ವರ್ಷ ನಾಲ್ವರಿಂದ 11,400 ಡಾಲರ್, ಎರಡನೇ ವರ್ಷ 4,850. ಸಂಘಟಕರು ಆಳಿಗಿಷ್ಟು ಅಂತ ಗುರಿ ಹಾಕುತ್ತಾರೆ, ಮುಟ್ಟದಿದ್ದರೆ ನಾಚಿಕೆ, ಅದಕ್ಕೆ ಆಫೀಸಿನವರನ್ನೆಲ್ಲ ಕಾಡಿ ಎತ್ತುತ್ತೀರಿ. ನಾವೇ ಹೋದಾಗ "ಹೋದ ವರ್ಷ ಕೊಟ್ಟಿದ್ವಲ್ಲಾ ಗುರೂ" ಅನ್ನುವವರೇ ಹೆಚ್ಚು. ಸಂಘಟಕರ ರೈಡಿಗೆ ಪ್ರವೇಶ ಶುಲ್ಕ ಬೇರೆ ಕಟ್ಟಬೇಕು, ನಿಜ. ಅದನ್ನು ಕಳೆದರೂ ಸಂಸ್ಥೆಗೆ ಲಾಭ ಅಲ್ಲೇ. ಎರಡಕ್ಕೂ ಒಂದು ಮಾತು: ಚಂದಾ ಜೂನ್‌ನಲ್ಲಿ ಕೇಳಿ. ಜೂನ್ 30ಕ್ಕೆ ಇಲ್ಲಿ ತೆರಿಗೆ ವರ್ಷ ಮುಗಿಯುತ್ತದೆ, ರಸೀದಿ ಸಿಗುತ್ತೆ ಅಂದರೆ ಕೈ ಬೇಗ ಜೇಬಿಗೆ ಹೋಗುತ್ತದೆ.

ಮೊದಲ ಸಲ ಹೋಗುವವರಿಗೆ ಸಂಘಟಕರ ಜೊತೆಯೇ ಹೋಗಿ ಅಂತೀನಿ. ನನ್ನನ್ನು ಇನ್ನೊಮ್ಮೆ ಕರೆದರೆ ಮಾಸನ್ ಟ್ರೇಲ್‌ಗೇ ಬರುತ್ತೇನೆ. ಹುಬ್ಬಳ್ಳಿಯವನದು ಮೂರನೇ ದಾರಿ: ಓಡಾಟ ರಸ್ತೆಗೇ ಹೋಗೋಣ, ನಾವೇ ಒಂದು ಯೂಟ್ (ಪಿಕಪ್ ಗಾಡಿ) ಬಾಡಿಗೆಗೆ ತಗೊಂಡು ನೀರು, ರವೆ, ಗ್ಯಾಸ್ ಒಲೆ ಹೇರಿಕೊಳ್ಳೋಣ, ದಿನಕ್ಕೊಬ್ಬರು ಓಡಿಸೋಣ. ಎಲ್ಲರೂ ಒಪ್ಪಿದ್ದೇವೆ. ಎರಡನೇ ದಿನದ ಪಾಳಿ ತನಗೇ ಬೇಕು ಅಂತ ದಾವಣಗೆರೆಯವನು ಆಗಲೇ ಹೇಳಿಟ್ಟಿದ್ದಾನೆ.