ಗಿಟಾರ್ ರೆಕಾರ್ಡಿಂಗಿಗೆ ಸೆಕೆಂಡ್‌ಹ್ಯಾಂಡ್ ಆಂಪ್ ಮಾಡೆಲರ್ ತಗೊಳ್ಳುವವರೇ, ಯುಎಸ್‌ಬಿ ಹಾಕಿ ನೋಡದೆ ದುಡ್ಡು ಕೊಡಬೇಡಿ

ಕಾಸರಗೋಡು, ಮಂಗಳೂರು ಕಡೆ ಮನೆಯಲ್ಲೇ ಗಿಟಾರ್ ರೆಕಾರ್ಡ್ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹಳೆಯ ಆಂಪ್ ಮಾಡೆಲರ್, ಅಂದರೆ ಗಿಟಾರ್ ಆಂಪ್‌ಗಳ ಸ್ವರವನ್ನು ನಕಲು ಮಾಡುವ ಪೆಟ್ಟಿಗೆ, ತಗೊಳ್ಳಲು ಹೊರಟಿದ್ದರೆ ಇವತ್ತು ದುಡ್ಡು ಕಳಿಸಬೇಡಿ. ನನ್ನ 32,000 ರೂಪಾಯಿ ಹೋಗಿದೆ. ಎಷ್ಟು ಹೋಯಿತು ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ. ಬರೆಯಲು ನಾಚಿಕೆಯಾಗುತ್ತದೆ. ಆದರೆ ಸುಮ್ನೆ ಕೂತರೆ ಇನ್ನೊಬ್ಬರಿಗೂ ಹೀಗೇ ಆಗುತ್ತದೆ.

ನಾನು ಬದಿಯಡ್ಕದ ಹತ್ತಿರದವನು. ನಮ್ಮದು ಸಣ್ಣ ತಂಡ. ಭಾವಗೀತೆ, ತುಳು ಹಾಡು, ಜಾತ್ರೆ ಸಮಯದಲ್ಲಿ ಆರ್ಕೆಸ್ಟ್ರಾ. ಈ ಸಲ ಕೆಲವು ಹಾಡನ್ನು ನಾವೇ ಮನೆಯಲ್ಲಿ ರೆಕಾರ್ಡ್ ಮಾಡುವುದು ಅಂತ ಮಾತಾಗಿತ್ತು. ಟ್ಯೂಬ್ ಆಂಪ್ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡುವುದು ನಮ್ಮ ಮನೆಗಳಲ್ಲಿ ಆಗುವ ಕೆಲಸವಲ್ಲ. ಅದರ ಸ್ವರ ಚೆನ್ನಾಗಿ ಬರಬೇಕಾದರೆ ಜೋರಾಗಿ ಇಡಬೇಕು. ಜೋರಾಗಿ ಇಟ್ಟರೆ ತೋಟದ ಆಚೆಯ ಮನೆಯವರೂ ಎದ್ದು ಬರುತ್ತಾರೆ. ಉಳಿದದ್ದು ಎರಡು ದಾರಿ. ಲ್ಯಾಪ್‌ಟಾಪಿನಲ್ಲಿ ಪ್ಲಗಿನ್, ಅಂದರೆ ಆಂಪ್ ಸ್ವರ ಕೊಡುವ ಸಾಫ್ಟ್‌ವೇರ್, ಇಲ್ಲವೇ ಮಾಡೆಲರ್ ಪೆಟ್ಟಿಗೆ.

ನಾನು ಮೊದಲು ನೋಡಿದ್ದು ಪ್ಲಗಿನ್. ನನ್ನ ಹತ್ತಿರ ಆಡಿಯೋ ಇಂಟರ್ಫೇಸ್, ಅಂದರೆ ಗಿಟಾರಿನ ಸ್ವರವನ್ನು ಲ್ಯಾಪ್‌ಟಾಪಿಗೆ ಸರಿಯಾಗಿ ಕೊಡುವ ಸಾಧನ, ಇರಲಿಲ್ಲ. ಗಿಟಾರನ್ನು ಒಂದು ಅಡಾಪ್ಟರ್ ವೈರ್ ಹಾಕಿ ಲ್ಯಾಪ್‌ಟಾಪಿನ ಮೈಕ್ ಜ್ಯಾಕಿಗೇ ಕೊಟ್ಟಿದ್ದೆ. ತಂತಿ ಮೀಟಿದ ಮೇಲೆ ಸ್ವಲ್ಪ ತಡವಾಗಿ ಸ್ವರ ಬರುತ್ತಿತ್ತು, ಲೇಟೆನ್ಸಿ ಅನ್ನುವುದು ಇದಕ್ಕೇ. ಇದಕ್ಕೆ ಏನು ಮಾಡುವುದು ಅಂತ ಕೇಳಲಿಕ್ಕೆ ಮಂಗಳೂರಿನ ಕಡೆಯ ಒಬ್ಬರಿಗೆ ಫೋನ್ ಮಾಡಿದೆ. ಹೆಸರು ಹಾಕುವುದಿಲ್ಲ. ಮನೆಯಲ್ಲೇ ಸಣ್ಣ ಸ್ಟುಡಿಯೋ ಇಟ್ಟುಕೊಂಡು ಹಳೆಯ ಗಿಟಾರ್, ಪೆಡಲ್ ಎಲ್ಲ ಕೊಂಡು ಮಾರುವ ಮನುಷ್ಯ. ನಾನು ಮರ್ಯಾದೆಯಿಂದ ಅಣ್ಣ ಅಂತಲೇ ಕರೆಯುತ್ತಿದ್ದೆ.

ಕೇಳಿದ್ದು ಸಲಹೆ. ಆತ ಅಲ್ಲಿಂದಲೇ ವ್ಯಾಪಾರ ಶುರು ಮಾಡಿದ. "ಸಾಫ್ಟ್‌ವೇರ್ ಎಲ್ಲ ಮಕ್ಕಳಾಟ ಮಾರಾಯ್ರೆ. ಲೇಟೆನ್ಸಿ ತಲೆಬಿಸಿ ಜನ್ಮದಲ್ಲಿ ಮುಗಿಯುದಿಲ್ಲ. ಸೌಂಡೂ ಪ್ಲಾಸ್ಟಿಕ್. ರೆಕಾರ್ಡಿಂಗ್ ಅಂದ್ರೆ ಹಾರ್ಡ್‌ವೇರೇ ಬೇಕು." ಆಮೇಲೆ ಹೇಳಿದ್ದು ನೋಡಿ. "ನನ್ನ ಹತ್ರ ಒಂದು ಮಾಡೆಲರ್ ಉಂಟು. ಇದಾದ್ರೆ ಇಂಟರ್ಫೇಸ್ ಸಾ ಬೇಡ. ಒಂದು ಯುಎಸ್‌ಬಿ ವೈರ್ ಹಾಕಿದ್ರೆ ಸೀದಾ ರೆಕಾರ್ಡಿಂಗ್."

ಯುಎಸ್‌ಬಿ ಅಂತ ಹೇಳಿದ್ದು ಅವನೇ. ನಾನಲ್ಲ. ಈ ಮಾತು ನೆನಪಿಡಿ, ಮುಂದೆ ಬರುತ್ತದೆ. ನಾನು ಆ ಪೆಟ್ಟಿಗೆ ತಗೊಂಡದ್ದೇ ಆ ಒಂದು ಮಾತಿಗೆ. ಆದರೆ ಹೇಳಿದ್ದು ಫೋನಿನಲ್ಲಿ. ಬರಹದಲ್ಲಿ ಇಲ್ಲ.

ಕುಂಬಳೆಯಿಂದ ರೈಲು ಹತ್ತಿ ಹೋದೆ. ಆತ ಹೆಡ್‌ಫೋನ್ ಹಾಕಿಸಿ ಬಾರಿಸಲು ಕೊಟ್ಟ. ಸ್ವರ ಚೆನ್ನಾಗಿತ್ತು, ಅದರಲ್ಲಿ ಸುಳ್ಳಿಲ್ಲ. ನಾನು ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ತಂದಿದ್ದೆ. ತೆಗೆದು ಮೇಜಿನ ಮೇಲೆ ಇಟ್ಟೂ ಇಟ್ಟೆ. "ಅಣ್ಣ, ಒಮ್ಮೆ ಇದಕ್ಕೆ ಹಾಕಿ ನೋಡುವನಾ?" ಅಂತ ಕೇಳಿದೆ. ಆತ ಏನು ಹೇಳಿದ ಗೊತ್ತಾ? "ಡ್ರೈವರ್ ಸಾಫ್ಟ್‌ವೇರ್ ಇಳಿಸ್ಬೇಕು, ಇಲ್ಲಿ ಇವತ್ತು ನೆಟ್ ಸರಿ ಇಲ್ಲ. ಮನೆಗೆ ಹೋಗಿ ಹಾಕಿ, ಐದು ನಿಮಿಷದ ಕೆಲಸ. ನಿಮಗೆ ರೈಲಿಗೆ ಲೇಟಾಗುದಿಲ್ವಾ?" ನನ್ನ ರೈಲಿನ ಚಿಂತೆ ಅವನಿಗೆ! ಹೊರಗೆ ಮಳೆ. ಆತನೇ ಪೆಟ್ಟಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಕೈಗೆ ಕೊಟ್ಟ. "ಇದರ ಜೊತೆ ಒಂದು ಪ್ಲಗಿನ್ ಫ್ರೀ, ನನ್ನ ಲಾಗಿನ್ ಕೊಡ್ತೇನೆ" ಅಂದ. ಜೀಪೇ ಮಾಡಿದೆ. ಬಿಲ್ ಇಲ್ಲ. ಇಂಥ ವ್ಯವಹಾರದಲ್ಲಿ ಬಿಲ್ ಯಾರು ಕೊಡುತ್ತಾರೆ, ನಿಮಗೂ ಗೊತ್ತಲ್ವಾ.

ಮನೆಗೆ ಬಂದು ಡ್ರೈವರ್ ಹಾಕಿದೆ. ಯುಎಸ್‌ಬಿ ಹಾಕಿದೆ. ಲ್ಯಾಪ್‌ಟಾಪ್ ಪೆಟ್ಟಿಗೆಯನ್ನು ಗುರುತಿಸಲೇ ಇಲ್ಲ. ವೈರ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಗೆಳೆಯನ ಲ್ಯಾಪ್‌ಟಾಪ್ ತರಿಸಿದೆ. ಎಲ್ಲಿಯೂ ಇಲ್ಲ. ಪ್ಲಗ್ ಒಳಗೆ ಹೋದರೆ ಅಲ್ಲಾಡುತ್ತದೆ. ಪಿನ್ ಬಿಗಿಯಾಗಿ ಹಿಡಿಯುವುದೇ ಇಲ್ಲ.

ಇನ್ನು ಆತನ ಉತ್ತರಗಳನ್ನು ಕೇಳಿ. ಮೊದಲು, "ನಿಮ್ಮ ಲ್ಯಾಪ್‌ಟಾಪ್ ಹಳತಲ್ವಾ, ಅದರದ್ದೇ ಸಮಸ್ಯೆ." ಬೇರೆ ಲ್ಯಾಪ್‌ಟಾಪಿನಲ್ಲೂ ಇಲ್ಲ ಅಂದೆ. "ವಿಂಡೋಸ್ ಹೊಸತಾಗಿ ಹಾಕಿ ನೋಡಿ." ಅದನ್ನೂ ಹಾಕಿದೆ. ರಾತ್ರಿ ಇಡೀ ಕೂತು ಹಾಕಿದೆ. "ಹೆಡ್‌ಫೋನಲ್ಲಿ ಸೌಂಡ್ ಬರ್ತದಲ್ಲ? ಮತ್ತೆ ಎಂತ ತೊಂದರೆ?" ತೊಂದರೆ ಏನು ಅಂದರೆ ನನಗೆ ಬೇಕಾದದ್ದು ರೆಕಾರ್ಡಿಂಗ್! ಹೆಡ್‌ಫೋನಿನಲ್ಲಿ ಕೇಳಲಿಕ್ಕೆ ಯಾರಾದರೂ 32,000 ಕೊಡುತ್ತಾರಾ? ಆಮೇಲೆ ಬಂತು, ನನ್ನ ರಕ್ತ ಕುದಿಸಿದ ಮಾತು. "ಯುಎಸ್‌ಬಿ ಬಗ್ಗೆ ನೀವು ಕೇಳಿದ್ದೇ ಇಲ್ವಲ್ಲ. ನೀವು ಸ್ಟೇಜಿಗೆ ಅಂತ ತಗೊಂಡದ್ದು ಅಂತ ನಾನು ಎಣಿಸಿದ್ದು."

ಸ್ಟೇಜಿಗೆ! ಲ್ಯಾಪ್‌ಟಾಪ್ ಅವನ ಮೇಜಿನ ಮೇಲೆ ಇತ್ತು. ಅವನ ಕಣ್ಣ ಮುಂದೆ ಇತ್ತು.

ಕೊನೆಗೆ ಆತನೇ ಒಂದು ಪರಿಹಾರವನ್ನೂ ಹೇಳಿದ. "ಒಂದು ಇಂಟರ್ಫೇಸ್ ತಗೊಳ್ಳಿ, ಪೆಟ್ಟಿಗೆಯ ಔಟ್‌ಪುಟ್ಟಿನಿಂದ ಅದಕ್ಕೆ ಕೊಡಿ. ನನ್ನ ಹತ್ರ ಒಂದುಂಟು, 6,000ಕ್ಕೆ ಕೊಡ್ತೇನೆ." ಓದುತ್ತಿರುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಇಂಟರ್ಫೇಸ್ ಇದ್ದರೆ ನನಗೆ ಆ ಪೆಟ್ಟಿಗೆಯೇ ಬೇಡ. ಇಂಟರ್ಫೇಸ್ ಇದ್ದರೆ ಪ್ಲಗಿನ್ ಸಾಕು. ಇಂಟರ್ಫೇಸ್ ಬೇಡ ಅಂತ ಹೇಳಿ ಪೆಟ್ಟಿಗೆ ಮಾರಿದವನು ಈಗ ಅದೇ ಇಂಟರ್ಫೇಸನ್ನೂ ನನಗೆ ಮಾರಲು ಬರುತ್ತಾನೆ!

ಕಾಸರಗೋಡು ಪೇಟೆಯಲ್ಲಿ ಒಬ್ಬ ರಿಪೇರಿಯವರ ಹತ್ತಿರ ಕೊಂಡುಹೋದೆ. ಬಿಚ್ಚಿ ನೋಡಿದ ಕೂಡಲೇ ಹೇಳಿದರು, ಇದನ್ನು ಮೊದಲೇ ಯಾರೋ ಬಿಚ್ಚಿದ್ದಾರೆ, ಈ ಬೆಸುಗೆ ಕಂಪನಿಯದ್ದಲ್ಲ ಅಂತ. ಪೋರ್ಟ್ ಕೂರುವ ಜಾಗದ ತಾಮ್ರದ ಪದರವೇ ಬೋರ್ಡಿನಿಂದ ಎದ್ದು ಹೋಗಿದೆ. ಹೊಸ ಪೋರ್ಟ್ ಹಾಕಿದರೂ ಗ್ಯಾರಂಟಿ ಇಲ್ಲವಂತೆ. ಒಮ್ಮೆ ರಿಪೇರಿ ಮಾಡಿಸಿ ಸೋತದ್ದನ್ನೇ ನನಗೆ ಕೊಟ್ಟದ್ದು. ಫೋಟೋ ತೆಗೆದು ಆತನಿಗೆ ಕಳಿಸಿದೆ. ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ.

ಯುಎಸ್‌ಬಿ ಇಲ್ಲದ ಮಾಡೆಲರ್ ಅಂದರೆ ಬರೀ ರೆಕಾರ್ಡಿಂಗ್ ಹೋಯಿತು ಅಂತಲ್ಲ. ನನ್ನ ಪೆಟ್ಟಿಗೆಗೆ ಫರ್ಮ್‌ವೇರ್, ಅಂದರೆ ಅದರ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಆಗುವುದು ಅದರಲ್ಲೇ. ಸ್ಪೀಕರ್ ಕ್ಯಾಬಿನೆಟ್ಟಿನ ಸ್ವರ ಕೊಡುವ ಐಆರ್ ಫೈಲ್ ಹಾಕುವುದು ಅದರಲ್ಲೇ. ಪ್ರೀಸೆಟ್, ಅಂದರೆ ನಾವು ಹೊಂದಿಸಿಟ್ಟ ಸ್ವರಗಳ, ಬ್ಯಾಕಪ್ ಅದರಲ್ಲೇ. ಹಲವು ಮಾಡೆಲರ್‌ಗಳಲ್ಲಿ ಆಂಪ್ ಸ್ವರದ ಜೊತೆಗೇ ಗಿಟಾರಿನ ಬರೀ ಸ್ವರ, ಅಂದರೆ ಡಿಐ, ಬೇರೆ ಟ್ರ್ಯಾಕಿನಲ್ಲಿ ಬರುತ್ತದೆ. ಅದೂ ಯುಎಸ್‌ಬಿಯಲ್ಲೇ. ಆ ಡಿಐ ಇದ್ದರೆ ನಾಳೆ ಆಂಪ್ ಸ್ವರ ಬೇಡ ಅನಿಸಿದರೂ ಮತ್ತೆ ಬಾರಿಸುವುದು ಬೇಡ, ಬೇರೆ ಆಂಪ್ ಹಾಕಿದರಾಯಿತು. ಅದೆಲ್ಲ ನನಗೆ ಇಲ್ಲ.

ಇನ್ನು ಆ ಫ್ರೀ ಪ್ಲಗಿನ್. ಅದು ಸ್ವಲ್ಪ ಸಮಯ ಕೆಲಸ ಮಾಡಿತು. ದುಡ್ಡು ವಾಪಸ್ ಕೊಡಿ ಅಂತ ನಾನು ಗಟ್ಟಿಯಾಗಿ ಕೇಳಿದ ಮೇಲೆ ಆತ ಪಾಸ್‌ವರ್ಡ್ ಬದಲಿಸಿದ. ಪ್ಲಗಿನ್ ನಿಂತಿತು. ಲೈಸೆನ್ಸ್ ಇರುವುದು ಅವನ ಹೆಸರಿನಲ್ಲಿ. ಹೆಸರು ಬದಲಾಗಬೇಕಾದರೆ ಕಂಪನಿಯ ಮೂಲಕ ಆಗಬೇಕು. ಸುಮ್ನೆ ಲಾಗಿನ್ ಕೊಟ್ಟರೆ ಅದು ಕೊಟ್ಟ ಹಾಗಲ್ಲ.

ಕೇಸ್ ಹಾಕುತ್ತೇನೆ ಅಂದೆ. ಆಗ ಆತನ ಮಾತು: "ನೀವು ಕೇರಳದವರು, ನಾನು ಕರ್ನಾಟಕದವ. ಎಲ್ಲಿ ಹಾಕ್ತೀರಿ?" ಗಡಿಯಲ್ಲಿ ಇರುವ ನಮಗೆ ಈ ಮಾತು ಎಷ್ಟು ಚುಚ್ಚುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಂಗಳೂರು ನಮಗೆ ನಮ್ಮದೇ ಪೇಟೆ. ಆಸ್ಪತ್ರೆಗೂ ಅಲ್ಲಿಗೇ, ಮದುವೆ ಜವಳಿಗೂ ಅಲ್ಲಿಗೇ. ದುಡ್ಡು ತಗೊಳ್ಳುವಾಗ ನಾನು ಕೇರಳದವ ಅಂತ ಅವನಿಗೆ ನೆನಪಾಗಲಿಲ್ಲ. ಆದರೆ ಒಂದು ಗೊತ್ತಿರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡುವವನು ತಾನು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಡಿ ತೋರಿಸಿ ಹೆದರಿಸಿದರೆ ಹೆದರಬೇಡಿ. ನಾನು ಜೀಪೇ ದಾಖಲೆ, ಮೆಸೇಜು, ರಿಪೇರಿಯವರ ಚೀಟಿ ಎಲ್ಲ ಒಟ್ಟು ಮಾಡುತ್ತಿದ್ದೇನೆ.

ಹಾರ್ಡ್‌ವೇರೇ ಬೇಕು ಅಂತ ಆತ ಹೇಳಿದ್ದರಲ್ಲಿ ಎಷ್ಟು ಸತ್ಯ ಇತ್ತು ಅಂತ ಆಮೇಲೆ ಕೂತು ನೋಡಿದೆ. ನೋಡಿದಷ್ಟೂ ಸಿಟ್ಟು ಬಂತು. ಮಾಡೆಲರ್ ಪೆಟ್ಟಿಗೆಯ ಒಳಗೆ ಓಡುವುದೂ ಸಾಫ್ಟ್‌ವೇರೇ. ಒಳಗೆ ಸ್ವರ ಮಾಡುವುದು ಲೆಕ್ಕ ಮಾಡುವ ಚಿಪ್, ಟ್ಯೂಬ್ ಆಂಪಿನ ಹಾಗೆ ವಾಲ್ವ್ ಅಲ್ಲ. 1998ರಲ್ಲಿ ಬಂದ ಲೈನ್ 6 ಕಂಪನಿಯ ಪಾಡ್ ಮಾಡೆಲರ್‌ನಿಂದ ಇವತ್ತಿನವರೆಗೂ ಹೆಚ್ಚಾಗಿ ಹಾಗೆಯೇ. ಅದೇ ಕಂಪನಿಯ ಹೀಲಿಕ್ಸ್ ಪೆಟ್ಟಿಗೆ ಬಂದದ್ದು 2015ರಲ್ಲಿ. ಅದರ ಆಂಪ್‌ಗಳೇ 2017ರಲ್ಲಿ ಹೀಲಿಕ್ಸ್ ನೇಟಿವ್ ಅಂತ ಪ್ಲಗಿನ್ ಆಗಿ ಬಂದವು. ಒಂದೇ ಆಂಪ್, ಪೆಟ್ಟಿಗೆಯಲ್ಲಿದ್ದರೆ ಅಸಲಿ, ಲ್ಯಾಪ್‌ಟಾಪಿನಲ್ಲಿದ್ದರೆ ಪ್ಲಾಸ್ಟಿಕ್ ಆಗುವುದು ಹೇಗೆ?

ಲೇಟೆನ್ಸಿ ವಿಷಯವೂ ಅಷ್ಟೇ. ನನ್ನ ತೊಂದರೆ ಪ್ಲಗಿನ್‌ನಿಂದ ಬಂದದ್ದಲ್ಲ. ಲ್ಯಾಪ್‌ಟಾಪಿನ ಸ್ವಂತ ಸೌಂಡ್ ಕಾರ್ಡಿನಿಂದ ಬಂದದ್ದು. ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಸ್ವರವನ್ನು ಅಳೆಯುವ ಲೆಕ್ಕ, 48,000 ಇದ್ದು ಬಫರ್, ಅಂದರೆ ಲ್ಯಾಪ್‌ಟಾಪ್ ಒಮ್ಮೆಗೆ ಒಟ್ಟು ಮಾಡುವ ಸ್ಯಾಂಪಲ್, 512 ಇಟ್ಟರೆ ಒಂದು ಕಡೆಗೇ 10.7 ಮಿಲಿಸೆಕೆಂಡ್. ಹೋಗಿ ಬರುವಾಗ 20ರ ಮೇಲೆ. ಬೆರಳಿಗೆ ಗೊತ್ತಾಗಿಯೇ ಆಗುತ್ತದೆ. ಅದನ್ನೇ 128ಕ್ಕೆ ಇಳಿಸಿದರೆ ಒಂದು ಕಡೆಗೆ 2.7. ಒಂದು ಸಾಧಾರಣ ಇಂಟರ್ಫೇಸ್, ಅದರದ್ದೇ ಆಸಿಯೋ (ತಡ ಕಡಿಮೆ ಮಾಡುವ) ಡ್ರೈವರ್ ಇದ್ದರೆ ಸಾಮಾನ್ಯ ಲ್ಯಾಪ್‌ಟಾಪಿನಲ್ಲೂ ಬಾರಿಸಬಹುದು. ಎದುರಿಗೆ ಮೂರು ಮೀಟರ್ ದೂರದಲ್ಲಿ ಆಂಪ್ ಇಟ್ಟು ಬಾರಿಸಿದರೂ ಗಾಳಿಯಲ್ಲಿ ಸ್ವರ ಕಿವಿಗೆ ಬರಲು ಸುಮಾರು 9 ಮಿಲಿಸೆಕೆಂಡ್ ಬೇಕಲ್ವಾ? ಅದಕ್ಕೆ ಯಾರೂ ದೂರು ಹೇಳುವುದಿಲ್ಲ. ಗಿಟಾರನ್ನು ಇನ್‌ಸ್ಟ್ರುಮೆಂಟ್ ಅಂತ ಬರೆದ ಇನ್‌ಪುಟ್ಟಿಗೇ ಹಾಕಿ. ಲೈನ್ ಇನ್‌ಪುಟ್ಟಿಗೆ ಹಾಕಿದರೆ ಸ್ವರ ಮಂಕಾಗುತ್ತದೆ, ಆಮೇಲೆ ತಪ್ಪು ಪ್ಲಗಿನ್ ಮೇಲೆ ಹೋಗುತ್ತದೆ. ಇದನ್ನೆಲ್ಲ ಆತ ನನಗೆ ಹೇಳಬಹುದಿತ್ತು. ಆತನಿಗೆ ಗೊತ್ತಿತ್ತು. ಹೇಳಿದ್ದರೆ ಪೆಟ್ಟಿಗೆ ಹೋಗುತ್ತಿರಲಿಲ್ಲ.

ಹಾರ್ಡ್‌ವೇರ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಜಾತ್ರೆಯ ಸ್ಟೇಜಿಗೆ ಲ್ಯಾಪ್‌ಟಾಪ್ ಕೊಂಡುಹೋಗುವುದು ಕಷ್ಟ. ಕಾಲಲ್ಲಿ ಒತ್ತಿ ಸ್ವರ ಬದಲಿಸುವವರಿಗೆ ಮಾಡೆಲರೇ ಸರಿ. ಲ್ಯಾಪ್‌ಟಾಪ್ ತುಂಬಾ ಹಳೆಯದಾದರೂ ಅದೇ ಸರಿ. ಆದರೆ ಮನೆಯಲ್ಲಿ ಕೂತು ರೆಕಾರ್ಡ್ ಮಾಡುವುದು ಮಾತ್ರ ಆದರೆ ಮೊದಲು ಇಂಟರ್ಫೇಸ್ ತಗೊಳ್ಳಿ, ಪ್ಲಗಿನ್ ಹಾಕಿ ನೋಡಿ. ನ್ಯೂರಲ್ ಆಂಪ್ ಮಾಡೆಲರ್ ಅಂತ ಒಂದು ಪ್ಲಗಿನ್ ಉಂಟು, ಪೂರ್ತಿ ಉಚಿತ. ನ್ಯೂರಲ್ ಡಿಎಸ್‌ಪಿ ಕಂಪನಿಯವರ ಪ್ಲಗಿನ್‌ಗಳನ್ನು 14 ದಿನ ದುಡ್ಡಿಲ್ಲದೆ ಬಳಸಿ ನೋಡಬಹುದು. ಮನಸ್ಸಿಗೆ ಬರಲಿಲ್ಲವಾ, ಅಳಿಸಿದರಾಯಿತು. ಈ ಪೆಟ್ಟಿಗೆಯನ್ನು ನಾನು ಹೇಗೆ ಅಳಿಸಲಿ?

ಆದರೂ ಹಳೆಯ ಪೆಟ್ಟಿಗೆಯೇ ಬೇಕಾದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಡ್ರೈವರ್ ಮನೆಯಿಂದಲೇ ಹಾಕಿಕೊಂಡು ಹೋಗಿ. ನೆಟ್ ಇಲ್ಲ ಅಂತ ನೆಪ ಹೇಳಲು ಆಗಬಾರದು. ಮಾರುವವನ ಮುಂದೆಯೇ ಯುಎಸ್‌ಬಿಯಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ, ಕೇಳಿ, ವೈರ್ ಅಲ್ಲಾಡಿಸಿ ನೋಡಿ. ರೈಲು ತಪ್ಪಿದರೆ ತಪ್ಪಲಿ, ಇನ್ನೊಂದು ಬರುತ್ತದೆ. ಅಡಿಯ ಸ್ಕ್ರೂ ಗೀರಿದೆಯಾ ನೋಡಿ. ಆತ ಫೋನಿನಲ್ಲಿ ಹೇಳಿದ್ದನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ. ಅಣ್ಣ, ಮಾರಾಯ್ರೆ ಅನ್ನುವ ಮಾತಿಗೆ ದುಡ್ಡು ಕೊಡಬೇಡಿ.

ಈಗ ಆತ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ಮೊನ್ನೆ ಗೆಳೆಯನೊಬ್ಬ ಆತನ ಹೊಸ ಸ್ಟೇಟಸ್ ಕಳಿಸಿದ. ಇನ್ನೊಂದು ಮಾಡೆಲರ್ ಮಾರಾಟಕ್ಕೆ ಇದೆ, "ಹೋಮ್ ರೆಕಾರ್ಡಿಂಗಿಗೆ ಬೆಸ್ಟ್" ಅಂತ ಬರೆದಿದ್ದಾನೆ. ಮುಂದಿನಿಂದ ಫೋಟೋ ಉಂಟು, ಮೇಲಿನಿಂದ ಉಂಟು. ಹಿಂಭಾಗದ್ದು ಒಂದೂ ಇಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಯಾರಾದರೂ ಅದನ್ನು ನೋಡಲು ಹೊರಟಿದ್ದರೆ ಮೊದಲು ಹಿಂಭಾಗದ ಫೋಟೋ ಕೇಳಿ. ಯುಎಸ್‌ಬಿ ಹಾಕಿ ರೆಕಾರ್ಡ್ ಆಗುವ ವಿಡಿಯೋ ಕೇಳಿ. ಆತ ಏನು ಉತ್ತರ ಕೊಡುತ್ತಾನೆ ಅಂತ ನನಗೂ ತಿಳಿಸಿ, ದೂರಿನ ಜೊತೆ ಅದನ್ನೂ ಸೇರಿಸುತ್ತೇನೆ.