ತಿಕೋಟಾದ ಸಂಜೆ ಇಂಗ್ಲಿಷ್ ಕ್ಲಾಸು: ಮಗನನ್ನು ಸೇರಿಸಿದ ಮೇಲೆ ನನಗನಿಸಿದ್ದು

ನನ್ನ ಮಗ ಈಗ ಒಂಬತ್ತನೇ ಕ್ಲಾಸು. ಎಸೆಸೆಲ್ಸಿ ಮುಗಿಸಿ ದ್ರಾಕ್ಷಿ ತೋಟವನ್ನೇ ನೋಡಿಕೊಳ್ಳುತ್ತೇನೆ ಅನ್ನುತ್ತಾನೆ. ತೋಟ ಮಾಡುವವನಿಗೆ ಇಂಗ್ಲಿಷ್ ಯಾಕೆ ಅಂತ ಕೇಳುವವರು ನಮ್ಮ ಕಡೆ ಬಹಳ ಮಂದಿ. ಬೇಕು ಅನ್ನುವುದು ನನ್ನ ಮಾತು. ಅದಕ್ಕೇ ಇಲ್ಲಿನ ನಿವೃತ್ತ ಹೈಸ್ಕೂಲ್ ಮೇಡಂ ಒಬ್ಬರು ಸಂಜೆ ನಡೆಸುವ ಕ್ಲಾಸಿಗೆ ಸೇರಿಸಿದೆ. ಫೀಸು ತಿಂಗಳಿಗೆ 400 ರೂಪಾಯಿ. ಮುಂದೆ ಹೊಲ, ಗ್ಯಾರೇಜು, ಅಂಗಡಿ, ಇಲ್ಲವೇ ಐಟಿಐ ಕಡೆ ಹೋಗುವ ಮಕ್ಕಳೇ ಅಲ್ಲಿ ಹೆಚ್ಚು.

ಮೇಡಂ ಪಾಠ ಶುರು ಮಾಡುವುದು ಮಕ್ಕಳ ಮನೆಯಲ್ಲಿರುವ ಬರಹದಿಂದ. ನಾನು ಹಿಂದೆ ಕೂತು ನೋಡಿದ ದಿನ ಬೆಳೆಗೆ ಹೊಡೆಯುವ ಔಷಧದ ಲೇಬಲ್ ಪಾಠ ಇತ್ತು. ಖಾಲಿ ಡಬ್ಬಿ ಮುಟ್ಟಬೇಡಿ, ಮೊಬೈಲಲ್ಲಿ ಫೋಟೊ ತೆಗೆದು ತನ್ನಿ ಅಂತ ಮೊದಲೇ ಹೇಳಿದ್ದರು. ಲೇಬಲ್ಲಿನ ಸಾಲುಗಳನ್ನು ಬೋರ್ಡಿನ ಮೇಲೆ ಎರಡು ಭಾಗ ಮಾಡಿಸಿದರು: ಮಾಡಬೇಕಾದದ್ದು ಒಂದು ಕಡೆ, ಮಾಡಬಾರದ್ದು ಇನ್ನೊಂದು ಕಡೆ. 'ವೇರ್ ಗ್ಲೌಸ್', 'ಡು ನಾಟ್ ಸ್ಮೋಕ್'. ಆಮೇಲೆ ಪಕ್ಕದವನಿಗೆ ಅದನ್ನೇ ಬಾಯಲ್ಲಿ ಹೇಳಬೇಕು, ಅವನು ಹಾಗೇ ಮಾಡಿ ತೋರಿಸಬೇಕು. ವ್ಯಾಕರಣ ಅಂತ ಒಂದು ಸಲವೂ ಅನ್ನಲಿಲ್ಲ, ಆದರೆ ಕಲಿಸಿದ್ದು ಅದನ್ನೇ.

ನಂತರ ಲೇಬಲ್ಲಿನ ಮೇಲಿರುವ ತ್ರಿಕೋನದ ಬಣ್ಣ. ಕೆಂಪು, ಹಳದಿ, ನೀಲಿ, ಹಸಿರು. ಕೆಂಪು ಅತಿ ವಿಷ, ಅಲ್ಲಿಂದ ಇಳಿಯುತ್ತಾ ಹಸಿರಿಗೆ ಬರುತ್ತದೆ. ಕೊನೆಗೆ ಕೊಯ್ಲಿಗೆ ಎಷ್ಟು ದಿನ ಮೊದಲು ಸ್ಪ್ರೇ ನಿಲ್ಲಿಸಬೇಕು ಅಂತ ಒಳಗಿನ ಚೀಟಿಯಲ್ಲಿ ಹುಡುಕಿಸಿದರು. ಅಕ್ಟೋಬರ್ ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವುದು, ಆದಮೇಲೆ ನಮ್ಮಲ್ಲಿ ಸ್ಪ್ರೇ ಒಂದರ ಹಿಂದೆ ಒಂದು. ಅಂಗಡಿಯವರು ಹೇಳಿದಷ್ಟೇ ನಮಗೆ ಗೊತ್ತಿರುವುದು. ಈಗ ಮಗ ಡಬ್ಬಿ ಕೈಗೆ ತಗೊಂಡು, "ಅಪ್ಪಾ, ತಡಿ, ಓದ್ತೀನಿ" ಅನ್ನುತ್ತಾನೆ. ಈ ಒಂದು ಮಾತಿಗೇ ಫೀಸು ಸಾರ್ಥಕ.

ಪರೀಕ್ಷೆಯ ಚಿಂತೆ ಇರುವವರಿಗೆ ಒಂದು ಮಾತು. ಎಸೆಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷ್ 100 ಅಂಕ, ಅದರಲ್ಲಿ ಬರೆಯುವುದು 80ಕ್ಕೆ. ಇಲ್ಲಿ ಗೈಡ್ ಹಿಡಿದು ಉರು ಹೊಡೆಸುವುದಿಲ್ಲ. ಆದರೆ ಪತ್ರ ಬರೆಸುತ್ತಾರೆ. ಸ್ಪ್ರೇ ಪಂಪಿನ ನಾಝಲ್ ಕೆಟ್ಟಿದೆ, ಬದಲಿಸಿ ಕೊಡಿ ಅಂತ ಕಂಪನಿಗೆ ಬರೆಯುವ ಪತ್ರ. ಅದು ಪರೀಕ್ಷೆಗೂ ಬರುತ್ತದೆ, ಬದುಕಿಗೂ ಬರುತ್ತದೆ.

ಕೊರತೆ ಇಲ್ಲವೇ? ಇದೆ. ಕಥೆ, ಪದ್ಯ ಒಂದೂ ಇಲ್ಲ. ನನಗೆ ಇದು ನಿಜಕ್ಕೂ ಬೇಜಾರು. ಕಾಲೇಜಿಗೆ ಹೋಗದ ಹುಡುಗನಿಗೆ ಲೇಬಲ್ಲು, ಫಾರ್ಮು, ಬಿಲ್ಲು ಅಷ್ಟೇ ಸಾಕು ಅಂತ ಯಾರು ಹೇಳಿದ್ದು? ತೋಟದ ಶೆಡ್ಡಿನಲ್ಲಿ ಕೂತು ಒಂದು ಸಣ್ಣ ಕಥೆ ಓದಿ ಖುಷಿಪಡುವ ಹಕ್ಕು ಅವನಿಗೂ ಇದೆ ಅಲ್ವಾ? ವಾರಕ್ಕೆ ಒಂದಾದರೂ ಇಡಿ ಅಂತ ಮೇಡಂ ಹತ್ತಿರ ಕೇಳಿದ್ದೇನೆ. ಕೇಳಿಸಿಕೊಂಡು ಅರ್ಥ ಮಾಡಿಕೊಳ್ಳುವ ಅಭ್ಯಾಸವೂ ಕಡಿಮೆ. ಫೋನಿನಲ್ಲಿ ಯಾರಾದರೂ ಜೋರಾಗಿ ಇಂಗ್ಲಿಷ್ ಮಾತಾಡಿದರೆ ನಮ್ಮ ಮಕ್ಕಳು ಇನ್ನೂ ಗಾಬರಿಯಾಗುತ್ತಾರೆ.

ಇನ್ನು ಟೈಮು. ಕತ್ತಲಾದ ಮೇಲೆ ಬಸ್ಸು ಸಿಗುವುದು ಕಷ್ಟ, ಹಾಗಾಗಿ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬರುವುದೇ ಇಲ್ಲ. ಜೂನ್‌ನಿಂದ ಭಾನುವಾರ ಬೆಳಗ್ಗೆ ಇನ್ನೊಂದು ಬ್ಯಾಚ್ ಮಾಡುತ್ತೇನೆ ಅಂದಿದ್ದಾರೆ. ಹೆಣ್ಣುಮಕ್ಕಳಿರುವವರು ಈಗಲೇ ಹೋಗಿ ಹೆಸರು ಬರೆಸಿ. ಸಾಕಷ್ಟು ಮಕ್ಕಳು ಸೇರಿದರೆ ಮಾತ್ರ ಆ ಬ್ಯಾಚ್ ನಡೆಯುತ್ತದೆ.